ಅಟ್ಟದ ಮೇಲಿನ ಟ್ರಂಕು: ಬರಹಗಾರರ ಹಳೇ ಕಾಗದಪತ್ರ ಉಳಿಸಿಕೊಳ್ಳುವುದು ಹೇಗೆ?

ಟ್ರಂಕನ್ನು ಅಟ್ಟದಿಂದ ಇಳಿಸಿದ್ದು ಜುಲೈ ತಿಂಗಳಲ್ಲಿ. ಅದೇ ನಾನು ಮಾಡಿದ ಮೊದಲ ತಪ್ಪು.

ನಮ್ಮ ದೊಡ್ಡಪ್ಪ ಮೂಡಿಗೆರೆ ಕಡೆಯಿಂದ ಪತ್ರಿಕೆಗಳಿಗೆ ಸುದ್ದಿ ಕಳಿಸುತ್ತಿದ್ದರು. ಸಂಬಳ ಇಲ್ಲ, ಅಚ್ಚಾದಷ್ಟಕ್ಕೆ ಇಂಚಿನ ಲೆಕ್ಕದಲ್ಲಿ ದುಡ್ಡು. ಹಗಲು ಸುದ್ದಿ, ರಾತ್ರಿ ಸಾಹಸ ಕಾದಂಬರಿ. ಕಾಡು, ಕಳ್ಳಸಾಗಣೆ, ಚಿರತೆ, ಚಾರ್ಮಾಡಿ ಘಾಟಿಯಲ್ಲಿ ಮಾಯವಾದ ಲಾರಿ, ಇಂಥವು. ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ದಾರಕ್ಕೆ ನೇತುಹಾಕಿ ಮಾರುತ್ತಿದ್ದರಲ್ಲ, ಆ ಜಾತಿಯ ಪುಸ್ತಕಗಳು. ಪುಸ್ತಕ ನಾಲ್ಕಾರು ಉಳಿದಿವೆ. ಆದರೆ ಅವರಿಗೆ ಬಂದ ಕಾಗದಗಳು ಒಂದು ಟ್ರಂಕು ತುಂಬ ಇದ್ದವು. ಸಂಪಾದಕರದ್ದು, ಪ್ರಕಾಶಕರದ್ದು, ಓದುಗರದ್ದು, ಬೇರೆ ಊರಿನ ಸುದ್ದಿಗಾರರದ್ದು. ಕಾದಂಬರಿಯ ಪತ್ತೇದಾರನ ಹೆಸರಿಗೇ ವಿಳಾಸ ಬರೆದು ಕಳಿಸಿದ್ದ ಹುಡುಗರದ್ದೂ ಇದ್ದವು. ಪೋಸ್ಟ್‌ಮ್ಯಾನ್ ಅದನ್ನು ನಗದೆ ಮನೆಗೆ ತಂದುಕೊಟ್ಟಿದ್ದಾನೆ ಅಂದ್ರೆ ನೋಡಿ.

ಚಿಕ್ಕಮಗಳೂರು, ಹಾಸನದ ಮಲೆನಾಡು ಸೀಮೆಯಲ್ಲಿ ಇಂಥ ಟ್ರಂಕುಗಳು ಇನ್ನೂ ಎಷ್ಟೋ ಮನೆಗಳಲ್ಲಿವೆ. ನಾನು ಮಾಡಿದ ತಪ್ಪುಗಳನ್ನು ನೀವೂ ಮಾಡಬೇಕಿಲ್ಲ, ಅದಕ್ಕೇ ಕೆಲಸವನ್ನು ಮಾಡಬೇಕಾದ ಕ್ರಮದಲ್ಲೇ ಬರೆದಿದ್ದೇನೆ.

ಮೊದಲು: ಮಳೆಗಾಲ ಮುಗಿಯಲಿ

ಗಾಳಿಯಲ್ಲಿ ತೇವಾಂಶ 65 ಪರ್ಸೆಂಟ್ ದಾಟಿತು ಅಂದರೆ ಕಾಗದದ ಮೇಲೆ ಬೂಷ್ಟು ಏಳಲು ಶುರು. ಜುಲೈನಲ್ಲಿ ನಮ್ಮ ಕಡೆ ಮನೆಯೊಳಗೇ ಅದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ. ಹೊಗೆಗೂಡಿನ ಪಕ್ಕದ ಅಟ್ಟದಲ್ಲಿ ಹತ್ತಾರು ವರ್ಷ ಒಣಗಿಕೊಂಡು ಆರಾಮಾಗಿದ್ದ ಕಾಗದ, ಕೆಳಗಿಳಿದ ಒಂದೇ ವಾರಕ್ಕೆ ಹಪ್ಪಳ ಮೆತ್ತಗಾದ ಹಾಗೆ ಮೆತ್ತಗಾಯಿತು. ಬಚ್ಚಲೊಲೆಯ ಹೊಗೆ ಅದಕ್ಕೆ ಮಸಿ ಬಳಿದಿತ್ತು, ನಿಜ. ಆದರೆ ಹುಳವನ್ನೂ ದೂರ ಇಟ್ಟಿತ್ತು. ನಾನು ಇಳಿಸಿ ಹಾಳು ಮಾಡಿದೆ.

ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ. ಕಾಫಿ ಕುಯ್ಲು ಮುಗಿಯುತ್ತಾ ಬಂದಿರುತ್ತದೆ, ಕಾಫಿ ಹೂ ಅರಳಿಸುವ ಹೂಮಳೆ ಸಾಮಾನ್ಯವಾಗಿ ಇನ್ನೂ ಬಂದಿರುವುದಿಲ್ಲ. ಮನೆಯವರ ಕೈಗೂ ಸ್ವಲ್ಪ ಬಿಡುವು. ಮಳೆಗಾಲದಲ್ಲಿ ಮನೆ ರಿಪೇರಿಗೋ ಪಾಲಿಗೋ ಇಳಿಸಲೇಬೇಕಾಗಿ ಬಂದರೆ, ಟ್ರಂಕನ್ನು ತೆಗೆಯದೆ ಮನೆಯ ಒಳಗೋಡೆ ಕಡೆ, ನೆಲದಿಂದ ಅರ್ಧ ಅಡಿ ಮೇಲೆ, ಮಣೆಯ ಮೇಲಿಟ್ಟು ಸುಮ್ನೆ ಬಿಡಿ.

ಒಂದು ಸಣ್ಣ ಡಿಜಿಟಲ್ ತೇವಾಂಶ ಮೀಟರ್ ಕೊಂಡುಕೊಳ್ಳಿ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಈ ಕೆಲಸಕ್ಕೆ ಖರ್ಚು ಮಾಡಿದ ದುಡ್ಡಿನಲ್ಲಿ ನನಗೆ ಅತಿ ಹೆಚ್ಚು ಉಪಯೋಗವಾಗಿದ್ದು ಅದೇ.

ಮುಟ್ಟುವ ಮೊದಲು ಫೋಟೋ

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಕಾಗದಗಳು ಯಾವ ಕ್ರಮದಲ್ಲಿ ಇವೆಯೋ ಅದನ್ನು ಕೆಡಿಸಬೇಡಿ. ಟ್ರಂಕು ತೆಗೆದ ತಕ್ಷಣ ನಮ್ಮ ಕೈ ತಾನಾಗಿ 'ಮುಖ್ಯವಾದದ್ದು' ಒಂದು ಕಡೆ, 'ಕಸ' ಒಂದು ಕಡೆ ಮಾಡಲು ಹೊರಡುತ್ತದೆ. ದೊಡ್ಡವರ ಸಹಿ ಇರುವ ಕಾಗದ ಮೇಲಕ್ಕೆ, ಬಸ್ ಟಿಕೆಟ್ಟು, ಮನಿಆರ್ಡರ್ ಕೂಪನ್ನು, ಪೇಪರ್ ತುಂಡು ಕೆಳಕ್ಕೆ. ನಾನೂ ಅದನ್ನೇ ಮಾಡಿದೆ. ಒಂದು ಮಧ್ಯಾಹ್ನದಲ್ಲಿ ಇಡೀ ಟ್ರಂಕನ್ನು ಸಂಪಾದಕರು, ಓದುಗರು, ಇತರೆ ಅಂತ ಮೂರು ರಾಶಿ ಮಾಡಿ ಬೆನ್ನು ತಟ್ಟಿಕೊಂಡೆ.

ಆಮೇಲೆ ಒಂದು ಪೋಸ್ಟ್‌ಕಾರ್ಡು ಕೈಗೆ ಸಿಕ್ಕಿತು. ತಾರೀಖಿಲ್ಲ. ನೀಲಿ ಇಂಕು, ಅಕ್ಷರ ಬಲಕ್ಕೆ ವಾಲಿಕೊಂಡಿವೆ. ಇದ್ದದ್ದು ಐದೇ ಸಾಲು. 'ಚಿರತೆ ಬಾವಿಗೆ ಬಿದ್ದದ್ದು ನಿಜ. ಏಣಿ ಇಳಿಬಿಟ್ಟದ್ದೂ ನಿಜ. ಆದರೆ ಇಳಿಬಿಟ್ಟವನು ನಾನು, ನಿಮ್ಮ ಕಥಾನಾಯಕನಲ್ಲ. ಇದನ್ನು ತಮ್ಮ ಗಮನಕ್ಕೆ ತಂದಿರುತ್ತೇನೆ.' ಕೆಳಗೆ ಸಹಿ. ಓದಿ ನಕ್ಕು 'ಓದುಗರು' ರಾಶಿಗೆ ಹಾಕಿದೆ.

ಅದೃಷ್ಟಕ್ಕೆ ನನ್ನ ತಂಗಿ ಟ್ರಂಕು ತೆಗೆದ ಕ್ಷಣವೇ ಸ್ಟೇಟಸ್‌ಗೆ ಹಾಕಲು ಒಂದು ಫೋಟೋ ಹೊಡೆದಿದ್ದಳು. ತಿಂಗಳಾದ ಮೇಲೆ ಅದನ್ನು ದೊಡ್ಡದು ಮಾಡಿ ನೋಡಿದರೆ, ಆ ಕಾರ್ಡಿನ ಮೂಲೆ ಎರಡು ವಸ್ತುಗಳ ನಡುವೆ ಕಾಣುತ್ತಿದೆ. ಮೇಲೆ ಒಂದು ಪೇಪರ್ ಕಟಿಂಗು, ಕೆಳಗೆ ಒಂದು ನೋಟ್‌ಬುಕ್ಕು. ಕಟಿಂಗಿನಲ್ಲಿ ಮೂರು ಸಾಲಿನ ಸುದ್ದಿ: ತೋಟದ ಬಾವಿಗೆ ಚಿರತೆ ಬಿತ್ತು, ಊರವರು ಮೇಲೆತ್ತಿದರು. ನೋಟ್‌ಬುಕ್ಕಿನಲ್ಲಿ ಅದೇ ಚಿರತೆ ಹದಿನಾರು ಅಧ್ಯಾಯದ ಕಾದಂಬರಿಯಾಗಿದೆ. ಮಧ್ಯೆ ಕಾರ್ಡು. ದೊಡ್ಡಪ್ಪ ಬೇಕೆಂತಲೇ ಹಾಗೆ ಇಟ್ಟಿದ್ದರು. ಸುದ್ದಿಗಾರ ಎಲ್ಲಿ ನಿಂತ, ಕತೆಗಾರ ಎಲ್ಲಿ ಶುರುವಾದ ಅನ್ನುವುದು ಆ ಮೂರು ಕಾಗದ ಒಟ್ಟಿಗೆ ಇದ್ದರೆ ಮಾತ್ರ ತಿಳಿಯುತ್ತದೆ. ನನ್ನ ಮೂರು ರಾಶಿಯಲ್ಲಿ ಅವು ಮೂರು ದಿಕ್ಕಿಗೆ ಹೋಗಿದ್ದವು.

ಹಾಗಾಗಿ ಕೆಲಸ ಹೀಗಿರಲಿ. ಮುಚ್ಚಳ ತೆಗೆದ ಕೂಡಲೇ ಮೇಲಿನಿಂದ ಒಂದು ಫೋಟೋ. ಮೇಲಿನ ಪದರ ತೆಗೆದು ಇನ್ನೊಂದು. ಹೀಗೆ ತಳದವರೆಗೂ. ಪ್ರತಿ ಕಟ್ಟಿಗೂ ಒಂದು ಚೀಟಿ ಸಿಕ್ಕಿಸಿ: ಕಟ್ಟು 1, ಕಟ್ಟು 2. ದಾರ ಕಟ್ಟಿದ್ದರೆ, ಒಂದು ಕಾಗದದೊಳಗೆ ಇನ್ನೊಂದು ಮಡಚಿಟ್ಟಿದ್ದರೆ, ಅದನ್ನೂ ಚೀಟಿಯಲ್ಲಿ ಬರೆಯಿರಿ. ಕವರಿನಿಂದ ಕಾಗದ ತೆಗೆದಿರೋ, ಆ ಕವರು ಅದರ ಜೊತೆಗೇ ಇರಲಿ. ಕವರ್ ಎಸೆದರೆ ಅಂಚೆ ಮುದ್ರೆ ಹೋಯಿತು, ಮುದ್ರೆ ಹೋದರೆ ಊರು, ತಾರೀಖು ಎರಡೂ ಹೋದವು.

ಬೂಷ್ಟು, ಹುಳ, ತೇವ

ಮಾಸ್ಕ್ ಹಾಕಿಕೊಳ್ಳಿ. ಬೂಷ್ಟಿನ ಪುಡಿ ಉಸಿರಿಗೆ ಒಳ್ಳೆಯದಲ್ಲ, ದಮ್ಮು ಇರುವವರು ಈ ಕೆಲಸಕ್ಕೆ ಕೂರಲೇಬಾರದು. ಬಟ್ಟೆ ಗ್ಲೌಸ್ ಬೇಡ, ಅದರಲ್ಲಿ ತೆಳು ಕಾಗದದ ಅಂಚು ಕೈಗೆ ತಿಳಿಯದೆ ಹರಿಯುತ್ತದೆ. ಸೋಪಿನಲ್ಲಿ ತೊಳೆದು ಒಣಗಿಸಿಕೊಂಡ ಕೈ ಸಾಕು. ಬೂಷ್ಟು ಹಿಡಿದ ಕಟ್ಟನ್ನು ಮುಟ್ಟುವಾಗ ಮಾತ್ರ ರಬ್ಬರ್ ಗ್ಲೌಸ್ ಹಾಕಿ. ಕಾಫಿ ಲೋಟ ಬೇರೆ ರೂಮಿನಲ್ಲಿರಲಿ.

ಬೂಷ್ಟು ಒದ್ದೆಯಾಗಿ ಅಂಟುತ್ತಿದ್ದರೆ ಉಜ್ಜಬೇಡಿ, ಕಾಗದದೊಳಕ್ಕೇ ಇಳಿಯುತ್ತದೆ. ನೆರಳಿನಲ್ಲಿ, ಫ್ಯಾನ್ ಗಾಳಿ ನೇರ ಬೀಳದ ಹಾಗೆ, ಹಳೇ ಕಾಟನ್ ಪಂಚೆಯ ಮೇಲೆ ಬಿಡಿಬಿಡಿಯಾಗಿ ಹರಡಿ. ಪುಡಿಪುಡಿಯಾದ ಮೇಲೆ ಮನೆಯ ಹೊರಗೆ ಕೂತು, ಮೆತ್ತನೆ ಬ್ರಷ್‌ನಿಂದ ಒಂದೇ ದಿಕ್ಕಿಗೆ ಗುಡಿಸಿ. ಬಿಸಿಲಿಗೆ ಮಾತ್ರ ಹಾಕಬೇಡಿ. ಕಣದಲ್ಲಿ ಕಾಫಿ ಒಣಗಿಸಿದ ಕೈಗೆ ಕಾಗದವನ್ನೂ ಹಾಗೇ ಹರವುವ ಆಸೆ ಆಗುತ್ತದೆ. ಬಿಸಿಲಿಗೆ ಇಂಕು ಮಾಸುತ್ತದೆ, ಕಾಗದ ಗರಿಗರಿಯಾಗಿ ಮಡಿಕೆಯಲ್ಲೇ ಮುರಿಯುತ್ತದೆ.

ನೀರು ಅನ್ನುವುದು ಹತ್ತಿರವೂ ಬೇಡ. ಬ್ರಿಲ್ ಇಂಕಿನಂಥ ಫೌಂಟನ್ ಪೆನ್ ಶಾಯಿ ನೀರು ತಾಗಿದರೆ ಹರಡಿಬಿಡುತ್ತದೆ. ಇನ್ನೊಂದು ಉಂಟು, ಕಾಪಿಯಿಂಗ್ ಪೆನ್ಸಿಲ್. ನೋಡಲು ಸಾದಾ ಸೀಸದ ಕಡ್ಡಿ ಬರಹದ ಹಾಗೆ ಬೂದು. ಒಂದು ಹನಿ ನೀರು ಬಿದ್ದರೆ ನೇರಳೆ ಬಣ್ಣಕ್ಕೆ ತಿರುಗಿ ಇಡೀ ಪುಟಕ್ಕೆ ಹಬ್ಬುತ್ತದೆ.

ಹುಳ ಇದ್ದರೆ ಫ್ರೀಜರ್ ವಿಧಾನ ಇದೆ. ಕಟ್ಟನ್ನು ಗಟ್ಟಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ಹೊರಗೆ ಒತ್ತಿ, ಬಾಯಿ ಭದ್ರ ಮಾಡಿ, ಮೈನಸ್ 18 ಡಿಗ್ರಿಗೆ ಇಳಿಯುವ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ತೆಗೆದ ಮೇಲೆ ಚೀಲವನ್ನು ತಕ್ಷಣ ಬಿಚ್ಚಬಾರದು. ಒಂದು ಇಡೀ ದಿನ ಹಾಗೇ ಬಿಟ್ಟು, ಹೊರಗಿನ ಬೆವರು ಆರಿದ ಮೇಲೆ ಬಿಚ್ಚಿ. ನಮ್ಮೂರಿನ ಐಸ್‌ಕ್ರೀಮ್ ಅಂಗಡಿಯವರು ಮೊದಲು ನನ್ನನ್ನು ವಿಚಿತ್ರವಾಗಿ ನೋಡಿ, ಆಮೇಲೆ ಒಂದು ಮೂಲೆ ಬಿಟ್ಟುಕೊಟ್ಟರು. ಗೆದ್ದಲು ಹತ್ತಿದ್ದರೆ ಕಾಗದಕ್ಕಿಂತ ಮೊದಲು ಗೋಡೆ ನೋಡಿ, ಗೂಡು ಅಲ್ಲಿರುತ್ತದೆ.

ನುಸಿಗುಳಿಗೆ ಹಾಕುವುದನ್ನು ಬಿಟ್ಟುಬಿಡಿ. ಮುಚ್ಚಿದ ಪೆಟ್ಟಿಗೆಯಲ್ಲಿ ಅದರ ಆವಿ ಓದುವವರಿಗೇ ಕೆಟ್ಟದ್ದು. ಒಣಗಿದ ಬೇವಿನೆಲೆಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಕಾಗದಕ್ಕೆ ತಾಗದ ಹಾಗೆ ಇಟ್ಟರೆ ಅಡ್ಡಿಯಿಲ್ಲ. ಹಸಿ ಎಲೆ ಬೇಡ.

ಪಿನ್ನು, ರಬ್ಬರ್ ಬ್ಯಾಂಡು, ಟೇಪು

ಗುಂಡುಪಿನ್ನು, ಸ್ಟೇಪಲ್ ತುಕ್ಕು ಹಿಡಿದು ಕಾಗದವನ್ನು ತಿಂದಿರುತ್ತವೆ. ಎಳೆಯಬೇಡಿ. ಪಿನ್ನಿನ ಕೆಳಗೆ ತೆಳು ಪ್ಲಾಸ್ಟಿಕ್ ಹಾಳೆ ಜಾರಿಸಿ, ಸ್ಟೇಪಲ್‌ನ ಕಾಲುಗಳನ್ನು ಹಿಂದಿನಿಂದ ನೆಟ್ಟಗೆ ಮಾಡಿ ತೆಗೆಯಿರಿ. ರಬ್ಬರ್ ಬ್ಯಾಂಡು ಕರಗಿ ಅಂಟಿದ್ದರೆ ಒಣಗಿದ ಚೂರನ್ನಷ್ಟೇ ಉದುರಿಸಿ. ಸೆಲೋಟೇಪ್ ಹಾಕಿ ಹರಿದದ್ದನ್ನು ಅಂಟಿಸಬೇಡಿ, ಕೆಲವೇ ವರ್ಷದಲ್ಲಿ ಅದು ಕಂದು ಪಟ್ಟಿಯಾಗಿ ಅಕ್ಷರ ನುಂಗುತ್ತದೆ.

ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ದೊಡ್ಡಪ್ಪನಿಗೆ ಬಂದಿದ್ದ ಒಂದು ಟೆಲಿಗ್ರಾಂ ತುಂಬ ಹಳೆಯದು, ಉಳಿಯಲಿ ಅಂತ ಪೇಟೆಯ ಒಂದು ಅಂಗಡಿಯಲ್ಲಿ ಲ್ಯಾಮಿನೇಟ್ ಮಾಡಿಸಿದೆ. ಬಿಸಿಗೆ ಅಂಟು ಕರಗಿ, ಫಾರ್ಮಿನ ಮೇಲೆ ಅಂಟಿಸಿದ್ದ ಅಕ್ಷರದ ಪಟ್ಟಿಗಳು ಜಾರಿ ಒಂದರ ಮೇಲೊಂದು ಕೂತವು. ಈಗ ಅದನ್ನು ಬಿಡಿಸಲೂ ಆಗುವುದಿಲ್ಲ, ಓದಲೂ ಆಗುವುದಿಲ್ಲ. ದೇಶದಲ್ಲಿ ಟೆಲಿಗ್ರಾಂ ಸೇವೆಯೇ 2013ರ ಜುಲೈನಲ್ಲಿ ನಿಂತಿತು, ಇನ್ನೊಂದು ಬರುವುದೂ ಇಲ್ಲ.

ಪೇಪರ್ ಕಟಿಂಗಿಗೆ ಬೇರೆ ನ್ಯಾಯ. ನ್ಯೂಸ್‌ಪ್ರಿಂಟ್ ಕಾಗದದಲ್ಲಿ ಆಮ್ಲ ಜಾಸ್ತಿ, ತಾನೂ ಹಳದಿಯಾಗಿ ಪಕ್ಕದ ಕಾಗದಕ್ಕೂ ಕಲೆ ಹತ್ತಿಸುತ್ತದೆ. ಕಟಿಂಗನ್ನು ಬೇರೆ ಲಕೋಟೆಗೆ ಹಾಕಿ. ಅದು ಇದ್ದ ಜಾಗದಲ್ಲಿ ಒಂದು ಚೀಟಿ ಇಡಿ: 'ಇಲ್ಲಿ ಕಟಿಂಗ್ ಇತ್ತು, ಈಗ ಇಂಥ ಲಕೋಟೆಯಲ್ಲಿದೆ.' ಸಂಬಂಧ ಕಡಿಯದೆ ದೂರ ಇಡುವ ಉಪಾಯ ಇದೊಂದೇ.

ತಾರೀಖಿಲ್ಲದ ಕಾಗದಕ್ಕೆ ತಾರೀಖು

ನನಗೆ ಇಷ್ಟವಾದ ಭಾಗ ಇದು. ಪತ್ತೇದಾರಿ ಕಾದಂಬರಿ ಬರೆದವರ ಟ್ರಂಕಿನಲ್ಲಿ ನಾವೇ ಪತ್ತೇದಾರರಾಗಬೇಕು.

ಅಂಚೆ ಮುದ್ರೆ ಸ್ಪಷ್ಟವಾಗಿದ್ದರೆ ತಲೆನೋವಿಲ್ಲ. ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಮಸುಕು ಮುದ್ರೆಯೂ ಎಷ್ಟೋ ಸಲ ಎದ್ದು ಕಾಣುತ್ತದೆ. ಅದೂ ಇಲ್ಲದಿದ್ದರೆ ಬೇರೆ ಸುಳಿವುಗಳಿವೆ.

ಸ್ಟಾಂಪಿನ ಮೇಲಿನ ಬೆಲೆ ನೋಡಿ. ಆಣೆಯ ಲೆಕ್ಕ ಇದ್ದರೆ 1957ರ ಏಪ್ರಿಲ್‌ಗಿಂತ ಹಿಂದಿನ ಸ್ಟಾಂಪು. ನಯಾಪೈಸೆ ಅಂತಿದ್ದರೆ 1957ರಿಂದ 1964ರ ನಡುವೆ ಬಂದದ್ದು. 1964ರ ಜೂನ್‌ನಿಂದ 'ನಯಾ' ಬಿದ್ದುಹೋಗಿ ಬರೀ ಪೈಸೆ ಆಯಿತು. ಕವರಿನ ಮೇಲೆ 5 ಪೈಸೆಯ ನಿರಾಶ್ರಿತರ ಪರಿಹಾರದ ಸ್ಟಾಂಪು ಹೆಚ್ಚುವರಿಯಾಗಿ ಅಂಟಿದ್ದರೆ ಹಬ್ಬ ಮಾಡಿ. ಬಾಂಗ್ಲಾ ನಿರಾಶ್ರಿತರಿಗಾಗಿ ಹಾಕಿದ್ದ ಆ ತೆರಿಗೆ ಇದ್ದದ್ದು 1971ರ ನವೆಂಬರ್‌ನಿಂದ 1973ರ ಮಾರ್ಚ್‌ವರೆಗೆ ಮಾತ್ರ.

ವಿಳಾಸ ಇನ್ನೂ ಒಳ್ಳೆಯ ಸಾಕ್ಷಿ. ಪಿನ್‌ಕೋಡ್ ಶುರುವಾಗಿದ್ದು 1972ರ ಆಗಸ್ಟ್ 15ಕ್ಕೆ. ಮೂಡಿಗೆರೆಗೆ 577132, ಚಿಕ್ಕಮಗಳೂರಿಗೆ 577101, ಹಾಸನಕ್ಕೆ 573201. ಈ ಅಂಕಿ ಇದ್ದರೆ ಕಾಗದ ಅದರ ನಂತರದ್ದೇ. 'ಮೈಸೂರು ರಾಜ್ಯ' ಅಂತಿದ್ದರೆ 1973ರ ನವೆಂಬರ್ 1ಕ್ಕಿಂತ ಹಿಂದಿನದ್ದು ಇರಬಹುದು, ಅವತ್ತೇ ನಮ್ಮ ರಾಜ್ಯ ಕರ್ನಾಟಕ ಆದದ್ದು. 'ಇರಬಹುದು' ಅಂದೆ, ಯಾಕಂದ್ರೆ ಹಳಬರು ಆಮೇಲೂ ಎಷ್ಟೋ ವರ್ಷ ಮೈಸೂರು ಅಂತಲೇ ಬರೆದರು.

ಆ ಬಾವಿ ಚಿರತೆ ಕಾರ್ಡಿನಲ್ಲಿ ಎರಡೂ ಇದ್ದವು! ಪಿನ್‌ಕೋಡೂ ಇದೆ, 'ಮೈಸೂರು ರಾಜ್ಯ'ವೂ ಇದೆ. ಅಂದರೆ ಹೆಚ್ಚುಕಡಿಮೆ 1972ರ ಆಗಸ್ಟ್‌ನಿಂದ 1973ರ ಅಕ್ಟೋಬರ್ ಒಳಗೆ. ಸುದ್ದಿ ಬಂದದ್ದು ಕಾರ್ಡಿಗಿಂತ ಮೊದಲು, ಹಾಗಾಗಿ ಆ ಹದಿನೈದು ತಿಂಗಳದ್ದೂ ಅದಕ್ಕೂ ಹಿಂದಿನದ್ದೂ ಪೇಪರ್ ತಿರುವಿದರೆ ಆ ಮೂರು ಸಾಲಿನ ಸುದ್ದಿಯ ತಾರೀಖು ಸಿಗಬೇಕು. ಲೈಬ್ರರಿಗಳಲ್ಲಿ, ಪತ್ರಿಕಾ ಕಚೇರಿಗಳಲ್ಲಿ ಹಳೇ ಸಂಚಿಕೆ ಬೈಂಡ್ ಮಾಡಿಟ್ಟಿರುತ್ತಾರೆ. ಮೊದಲೇ ಕೇಳಿಕೊಂಡು ಹೋಗಿ.

ಹಳೇ ಕಾಲದವರು ಸಂವತ್ಸರ, ಮಾಸ, ತಿಥಿ ಬರೆದಿರುತ್ತಾರೆ. ದೊಡ್ಡಪ್ಪನ ಸೋದರಮಾವನ ಕಾಗದವೊಂದು 'ಕಾಳಯುಕ್ತಿ ಸಂ. ಆಶ್ವೀಜ ಬ. 10, ಉಭಯಕುಶಲೋಪರಿ' ಅಂತ ಶುರುವಾಗುತ್ತದೆ. ಕಾಳಯುಕ್ತಿ ಅಂದರೆ 1978ರ ಯುಗಾದಿಯಿಂದ 1979ರ ಯುಗಾದಿವರೆಗೆ. ಆಶ್ವೀಜ ಬಹುಳ ದಶಮಿ ಅಂದರೆ ದೀಪಾವಳಿ ಅಮಾವಾಸ್ಯೆಗೆ ಐದು ದಿನ ಮುಂಚೆ, ಅಕ್ಟೋಬರ್ ಕೊನೆಯ ವಾರ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ, ಹಾಗಾಗಿ 1918ರದ್ದೂ ಕಾಳಯುಕ್ತಿಯೇ. ಕಾಗದ, ಇಂಕು ನೋಡಿದರೆ ಯಾವುದು ಅಂತ ತಿಳಿಯುತ್ತದೆ. ಲೆಕ್ಕ ಬರದಿದ್ದರೆ ಊರಿನ ಪುರೋಹಿತರನ್ನು ಕೇಳಿ, ಎರಡು ನಿಮಿಷದಲ್ಲಿ ಹೇಳುತ್ತಾರೆ.

ಒಳಗಿನ ಮಾತೂ ಸುಳಿವೇ. 1978ರ ನವೆಂಬರ್‌ನಲ್ಲಿ ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆಗೆ ಇಂದಿರಾ ಗಾಂಧಿ ನಿಂತು ಗೆದ್ದರಲ್ಲ, ಆ ಒಂದೆರಡು ತಿಂಗಳ ಕಟ್ಟು ನಮ್ಮ ಟ್ರಂಕಿನಲ್ಲಿ ಉಳಿದ ಕಟ್ಟುಗಳಿಗಿಂತ ಮೂರು ಪಟ್ಟು ದಪ್ಪ. ಎಲ್ಲ ಪತ್ರಿಕೆಯವರಿಗೂ ಒಮ್ಮೆಗೇ ಚಿಕ್ಕಮಗಳೂರಿನ ಸುದ್ದಿಗಾರ ಬೇಕಾಗಿಬಿಟ್ಟಿದ್ದ. ಅದಕ್ಕಿಂತ ಮೊದಲು, 1975ರ ಜೂನ್‌ನಿಂದ 1977ರ ಮಾರ್ಚ್‌ವರೆಗಿನ ತುರ್ತುಪರಿಸ್ಥಿತಿಯಲ್ಲಿ, ಸಂಪಾದಕರ ಕಾಗದಗಳು ಎರಡೇ ಸಾಲು. 'ಸುದ್ದಿ ತಲುಪಿದೆ. ಸದ್ಯಕ್ಕೆ ಇಂಥದ್ದು ಬೇಡ.' ಹಾಸನದ ಕಡೆಯವರಾದರೆ ಗೊರೂರಿನ ಹೇಮಾವತಿ ಅಣೆಕಟ್ಟು, ಮುಳುಗಡೆಯ ಊರುಗಳ ಮಾತು ಹುಡುಕಿ. ಅಣೆಕಟ್ಟು ಮುಗಿದದ್ದು 1979ಕ್ಕೆ, ಹಾಸನ-ಮಂಗಳೂರು ರೈಲೂ ಅದೇ ವರ್ಷದ್ದು. ಪತ್ರಿಕೆಯ ಹೆಸರೂ ಗೆರೆ ಎಳೆಯುತ್ತದೆ: ಸುಧಾ ಅಂತ ಇದ್ದರೆ 1965ರ ನಂತರ, ಉದಯವಾಣಿ ಇದ್ದರೆ 1970ರ ನಂತರ, ಲಂಕೇಶ್ ಪತ್ರಿಕೆ ಇದ್ದರೆ 1980ರ ನಂತರ.

ಒಂದು ಎಚ್ಚರಿಕೆ. ಸುದ್ದಿಗಾರರ ಕವರುಗಳಲ್ಲಿ ಎಷ್ಟೋ ಅಂಚೆಗೇ ಹೋಗಿಲ್ಲ. ಬಸ್ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದ್ದು. ಅವುಗಳ ಮೇಲೆ ಸ್ಟಾಂಪೂ ಇಲ್ಲ, ಮುದ್ರೆಯೂ ಇಲ್ಲ. ಕಳೆದುಹೋಗಿದೆ ಅಂತ ತಿಳಿಯಬೇಡಿ, ಇದ್ದೇ ಇರಲಿಲ್ಲ.

ನೀವು ಊಹಿಸಿದ ತಾರೀಖನ್ನು ಯಾವಾಗಲೂ ಚೌಕ ಕಂಸದಲ್ಲಿ ಬರೆಯಿರಿ, ಪಕ್ಕದಲ್ಲಿ ಕಾರಣ ಹಾಕಿ. '[1972-73, ಪಿನ್‌ಕೋಡ್ ಮತ್ತು ರಾಜ್ಯದ ಹೆಸರಿನಿಂದ].' ಮುಂದೆ ಓದುವವರಿಗೆ ಯಾವುದು ಕಾಗದದಲ್ಲೇ ಇದ್ದದ್ದು, ಯಾವುದು ನಿಮ್ಮ ಲೆಕ್ಕ ಅಂತ ಗೊತ್ತಾಗಬೇಕು.

ನಂಬರು ಮತ್ತು ರಿಜಿಸ್ಟರ್

ಮೆತ್ತನೆ ಪೆನ್ಸಿಲ್‌ನಲ್ಲಿ, ಹಿಂಬದಿಯ ಕೆಳಮೂಲೆಯಲ್ಲಿ, ಸಣ್ಣದಾಗಿ. ಪೆನ್ನು ಬೇಡ, ಸ್ಟಿಕ್ಕರ್ ಬೇಡ. ಕಟ್ಟಿನ ನಂಬರು, ಕಾಗದದ ನಂಬರು: 3/17 ಅಂದರೆ ಮೂರನೇ ಕಟ್ಟಿನ ಹದಿನೇಳನೇ ಕಾಗದ. ಇಷ್ಟೇ ಸಾಕು.

ರಿಜಿಸ್ಟರ್‌ನಲ್ಲಿ ನಂಬರು, ತಾರೀಖು, ಯಾರಿಂದ, ಯಾರಿಗೆ, ಯಾವ ಊರಿಂದ, ಕಾರ್ಡೋ ಇನ್‌ಲ್ಯಾಂಡೋ ಕವರೋ, ಎರಡು ಸಾಲಿನ ಸಾರಾಂಶ. ಕೊನೆಗೆ ಒಂದು ಅಂಕಣ 'ಸಂಬಂಧ'. ಚಿರತೆ ಕಾರ್ಡಿನ ಮುಂದೆ ಕಟಿಂಗಿನ ನಂಬರು, ನೋಟ್‌ಬುಕ್ಕಿನ ನಂಬರು ಬಿದ್ದದ್ದು ಇಲ್ಲೇ. ಸುದ್ದಿ, ಕತೆ ಎರಡೂ ಬರೆದವರ ಪತ್ರಗಳಿಗೆ ಈ ಅಂಕಣ ಇಲ್ಲದಿದ್ದರೆ ಪಟ್ಟಿ ಅರ್ಧ ಕೆಲಸಕ್ಕೆ ಬಾರದು.

ಹೆಸರುಗಳಿಗೆ ಬೇರೆ ಹಾಳೆ ಇರಲಿ. ಜನಪ್ರಿಯ ಕಾದಂಬರಿಕಾರರಿಗೆ ಎರಡು ಮೂರು ಕಾವ್ಯನಾಮ ಇರುವುದು ಮಾಮೂಲು. ಕಾಗದಗಳು ಎಲ್ಲ ಹೆಸರಿಗೂ ಬಂದಿರುತ್ತವೆ. ಎಲ್ಲವೂ ಒಬ್ಬರೇ ಅಂತ ಒಂದು ಕಡೆ ಬರೆದಿಡದಿದ್ದರೆ, ಮುಂದಿನ ತಲೆಮಾರಿನವರು ಮೂರು ಜನ ಲೇಖಕರು ಅಂದುಕೊಳ್ಳುತ್ತಾರೆ.

ಕಂಪ್ಯೂಟರ್‌ನಲ್ಲಿ ಮಾಡುವವರು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. 'ನುಡಿ', 'ಬರಹ' ಅನ್ನುವ ಕನ್ನಡ ಸಾಫ್ಟ್‌ವೇರ್‌ಗಳ ಹಳೇ ಫಾಂಟಿನಲ್ಲಿ ಮಾಡಿದ ಪಟ್ಟಿ ಬೇರೆ ಕಂಪ್ಯೂಟರ್‌ಗೆ ಹೋದರೆ ಅರ್ಥವಿಲ್ಲದ ಅಕ್ಷರಗಳ ಸಾಲಾಗುತ್ತದೆ. ಹುಡುಕಲೂ ಆಗುವುದಿಲ್ಲ.

ಸ್ಕ್ಯಾನ್

ಗಾಜಿನ ಮೇಲೆ ಇಡುವ ಫ್ಲಾಟ್‌ಬೆಡ್ ಸ್ಕ್ಯಾನರ್ ಸರಿ. ಕಾಗದವನ್ನು ತಾನೇ ಎಳೆದುಕೊಳ್ಳುವ ಮೆಷಿನ್‌ಗೆ ಹಳೇ ಕಾಗದ ಕೊಟ್ಟರೆ ಸುಲಿದು ಕೊಡುತ್ತದೆ. ಕಲರ್‌ನಲ್ಲಿ, ಕನಿಷ್ಠ 300 ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ ಅನ್ನುವ ಲೆಕ್ಕ), ಸಣ್ಣ ಅಕ್ಷರದ ಕಾರ್ಡಿಗೆ 600. ಮೂಲ ಪ್ರತಿ ಟಿಫ್ ಫೈಲಾಗಿ, ಹಂಚಲು ಜೆಪೆಗ್ ಫೈಲಾಗಿ ಉಳಿಸಿ. ಮೊಬೈಲ್ ಆದರೂ ಸರಿ, ಆದರೆ ಸ್ಟ್ಯಾಂಡ್ ಬೇಕು, ಕಿಟಕಿ ಬೆಳಕು ಬೇಕು. ಮೊಬೈಲ್‌ನ ಸ್ಕ್ಯಾನ್ ಆ್ಯಪ್‌ಗಳು ಕಾಗದವನ್ನು ಬೆಳ್ಳಗೆ ಮಾಡಿ ಅಂಚು ಕತ್ತರಿಸುತ್ತವೆ, ಅದನ್ನು ಆಫ್ ಮಾಡಿ. ನಮಗೆ ಅಂಚೂ ಬೇಕು, ಕಲೆಯೂ ಬೇಕು.

ಇನ್‌ಲ್ಯಾಂಡ್ ಲೆಟರ್‌ನಲ್ಲಿ ಜನ ಜಾಗ ಬಿಡದೆ ಮಡಿಕೆಯ ಕಿವಿಯ ಮೇಲೂ ಬರೆದಿರುತ್ತಾರೆ. ಎಷ್ಟೋ ಸಲ ಅಸಲು ವಿಷಯ ಅಲ್ಲೇ ಇರುತ್ತದೆ: 'ಮರೆತಿದ್ದೆ, ದುಡ್ಡು ಇನ್ನೂ ಬಂದಿಲ್ಲ.' ಎಲ್ಲ ಮಡಿಕೆಯನ್ನೂ ಬಿಡಿಸಿ, ಎರಡೂ ಬದಿ ತೆಗೆಯಿರಿ. ಖಾಲಿ ಬದಿಯನ್ನೂ ಬಿಡಬೇಡಿ. ಚಿತ್ರವನ್ನು ತಾನೇ ಓದಿ ಅಕ್ಷರ ಮಾಡುವ ಸಾಫ್ಟ್‌ವೇರ್‌ಗಳು ಅಚ್ಚಾದ ಕನ್ನಡವನ್ನು ಸುಮಾರಾಗಿ ಓದುತ್ತವೆ, ಕೈಬರಹದಲ್ಲಿ ಎಡವುತ್ತವೆ. ಮುಖ್ಯವಾದವನ್ನು ಕೂತು ಟೈಪ್ ಮಾಡುವುದೇ ದಾರಿ. ಮೂರು ಪ್ರತಿ ಇರಲಿ, ಒಂದು ಮಾತ್ರ ನಿಮ್ಮ ಮನೆಯಲ್ಲಿ. ನಮ್ಮದೊಂದು ಹಾರ್ಡ್‌ಡಿಸ್ಕ್ ಬೆಂಗಳೂರಿನಲ್ಲಿರುವ ತಂಗಿಯ ಬೀರುವಿನಲ್ಲಿದೆ.

ಮತ್ತೆ ಇಡುವುದು ಎಲ್ಲಿ

ಆಮ್ಲರಹಿತ ಫೋಲ್ಡರ್, ಪೆಟ್ಟಿಗೆ ಆನ್‌ಲೈನ್‌ನಲ್ಲಿ ಸಿಗುತ್ತವೆ, ಸ್ವಲ್ಪ ದುಬಾರಿ. ಎಲ್ಲದಕ್ಕೂ ಆಗದಿದ್ದರೆ ಹರಿದ, ಹಳೆಯ ಕಾಗದಗಳಿಗಾದರೂ ತನ್ನಿ. ಪಿವಿಸಿ ಪ್ಲಾಸ್ಟಿಕ್ ಕವರು ಬೇಡ, ಅಂಟಿಕೊಳ್ಳುತ್ತದೆ. ಕಬ್ಬಿಣದ ಟ್ರಂಕು ಇಲಿಗೆ ತಡೆ, ಆದರೆ ತೇವ ಹಿಡಿದಿಡುತ್ತದೆ. ಅದೇ ಬೇಕೆಂದರೆ ಒಳಗೆ ಸಿಲಿಕಾ ಜೆಲ್ ಇಟ್ಟು, ತಿಂಗಳಿಗೊಮ್ಮೆ ತೆಗೆದು ನೋಡಿ. ಮಳೆ ಹೊಡೆಯುವ ಗೋಡೆ, ಬಚ್ಚಲ ಪಕ್ಕ, ಹೆಂಚು ಸೋರುವ ಜಾಗ ತಪ್ಪಿಸಿ.

ಕಾಗದ ನಮ್ಮದು, ಮಾತು ಅವರದ್ದು

ನಿಮ್ಮ ಮನೆಗೆ ಬಂದ ಕಾಗದ, ವಸ್ತುವಾಗಿ, ನಿಮ್ಮದು. ಅದರಲ್ಲಿ ಬರೆದದ್ದನ್ನು ಅಚ್ಚು ಹಾಕುವ ಹಕ್ಕು ಬರೆದವರದ್ದು, ಅವರಿಲ್ಲದಿದ್ದರೆ ಅವರ ವಾರಸುದಾರರದ್ದು. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಲೇಖಕರು ತೀರಿಕೊಂಡ ಮುಂದಿನ ಜನವರಿಯಿಂದ 60 ವರ್ಷ ಆ ಹಕ್ಕು ಇರುತ್ತದೆ. 1984ರಲ್ಲಿ ತೀರಿಕೊಂಡವರ ಪುಸ್ತಕಕ್ಕೆ 2044ರ ಕೊನೆಯವರೆಗೆ. ಬದುಕಿದ್ದಾಗ ಅಚ್ಚಾಗದೆ, ಆಮೇಲೆ ಮೊದಲ ಸಲ ಪ್ರಕಟವಾದ ಬರಹಕ್ಕೆ 60 ವರ್ಷದ ಲೆಕ್ಕ ಪ್ರಕಟವಾದ ಮುಂದಿನ ಜನವರಿಯಿಂದ ಶುರು. ಕಾಗದಗಳು ಬಹುಪಾಲು ಈ ಎರಡನೇ ಗುಂಪಿಗೇ ಸೇರುತ್ತವೆ. ಹಾಗಾಗಿ ಫೇಸ್‌ಬುಕ್ಕಿಗೆ ಹಾಕುವ ಮೊದಲು ಬರೆದವರ ಮನೆಯವರಿಗೆ ಒಂದು ಫೋನ್ ಮಾಡಿ.

ಕಾನೂನಿಗಿಂತ ಸೂಕ್ಷ್ಮವಾದದ್ದು ಮನುಷ್ಯರ ಮಾನ. ಸುದ್ದಿಗಾರರಿಗೆ ಜನ ಗುಟ್ಟು ಬರೆದಿರುತ್ತಾರೆ. ಯಾವ ಆಫೀಸಿನಲ್ಲಿ ಯಾರು ತಿಂದರು, ನನ್ನ ಹೆಸರು ಹಾಕಬೇಡಿ, ಇಂಥವು. ಸಾಹಸ ಕಾದಂಬರಿಕಾರರಿಗೆ ಬೇಟೆಯ ಕತೆ ಬರೆದಿರುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೂ 'ಮೊನ್ನೆ ಒಂದು ಕಡವೆ ಹೊಡೆದೆವು' ಅಂತ ಹೆಸರು, ಊರು ಸಮೇತ ಬರೆದವರ ಕಾಗದ ನಮ್ಮಲ್ಲೇ ಇದೆ. ಅವರ ಮೊಮ್ಮಕ್ಕಳು ಈಗ ನಮ್ಮ ಜೊತೆ ಸಂತೆಯಲ್ಲಿ ಸಿಗುತ್ತಾರೆ. ನಾನು ಸುಡಲಿಲ್ಲ, ತೋರಿಸುವುದೂ ಇಲ್ಲ. ಅಂಥವನ್ನು ಬೇರೆ ಲಕೋಟೆಗೆ ಹಾಕಿ, ಮೇಲೆ 'ಇಂಥ ವರ್ಷದವರೆಗೆ ತೆರೆಯಬಾರದು' ಅಂತ ಬರೆದು ನಂಬರು ಕೊಟ್ಟಿದ್ದೇನೆ. ರಿಜಿಸ್ಟರ್‌ನಲ್ಲಿ ಸಾರಾಂಶದ ಜಾಗ ಖಾಲಿ.

ಸಂಸ್ಥೆಗೆ ಕೊಡುವುದಾದರೆ

ಬೆಂಗಳೂರಿನ ವಿಧಾನಸೌಧದಲ್ಲಿ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆ ಇದೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಖಾಸಗಿ ವ್ಯಕ್ತಿಗಳ ಕಾಗದಪತ್ರದ ಸಂಗ್ರಹವೂ ಉಂಟು. ವಿಶ್ವವಿದ್ಯಾಲಯಗಳ ಕನ್ನಡ ವಿಭಾಗ, ಬೆಂಗಳೂರಿನ ಕನ್ನಡ ಸಾಹಿತ್ಯ ಪರಿಷತ್ತು, ಇವರನ್ನೂ ಕೇಳಬಹುದು. ಟ್ರಂಕು ಹೊತ್ತುಕೊಂಡು ಹೋಗಬೇಡಿ. ಮೊದಲು ರಿಜಿಸ್ಟರ್‌ನ ಪ್ರತಿ ಕಳಿಸಿ. ಪಟ್ಟಿ ಇರುವ ಸಂಗ್ರಹಕ್ಕೂ 'ನಮ್ಮಲ್ಲಿ ಒಂದಷ್ಟು ಹಳೇ ಕಾಗದ ಇದೆ' ಅನ್ನುವುದಕ್ಕೂ ಸಿಗುವ ಉತ್ತರವೇ ಬೇರೆ.

ಕೊಡುವ ಮುಂಚೆ ಲಿಖಿತವಾಗಿ ಕೇಳಿ: ದಾನವೋ, ಇಟ್ಟುಕೊಳ್ಳಲು ಕೊಡುವುದೋ? ಎಲ್ಲವೂ ಒಂದೇ ಕಡೆ ಇರುತ್ತದೆಯೋ, ಹಂಚಿಹೋಗುತ್ತದೆಯೋ? ಮುಚ್ಚಿದ ಲಕೋಟೆಯ ಮಾತು ಉಳಿಸಿಕೊಳ್ಳುತ್ತಾರೋ? ಸ್ಕ್ಯಾನ್ ಪ್ರತಿ ನಮ್ಮಲ್ಲಿರಬಹುದೋ? ನಂಬರುವಾರು ರಸೀದಿ ಪಡೆಯದೆ ಒಂದು ಕಾರ್ಡನ್ನೂ ಬಿಡಬೇಡಿ. ಹಿಂದೆ ಒಬ್ಬರು 'ನೋಡಿ ಕೊಡ್ತೀನಿ' ಅಂತ ಹನ್ನೊಂದು ಕಾಗದ ಒಯ್ದರು. ನೋಡುತ್ತಲೇ ಇದ್ದಾರೆ.

ಇನ್ನರ್ಧ ಎಲ್ಲಿದೆ?

ಟ್ರಂಕಿನಲ್ಲಿ ಇರುವುದು ಬಂದ ಕಾಗದ. ದೊಡ್ಡಪ್ಪ ಬರೆದದ್ದು ಬೇರೆಯವರ ಅಟ್ಟದಲ್ಲಿದೆ. ಕೆಲವಕ್ಕೆ ಮಾತ್ರ ತೆಳು ಹಾಳೆಯಲ್ಲಿ ಕಾರ್ಬನ್ ಪ್ರತಿ ಇಟ್ಟುಕೊಂಡಿದ್ದರು. ಮುಟ್ಟಿದರೆ ಕೈಗೆ ಮಸಿ. ಉಳಿದದ್ದು ಬೇಕೆಂದರೆ ರಿಜಿಸ್ಟರ್‌ನ 'ಯಾರಿಂದ' ಅಂಕಣವೇ ನಿಮ್ಮ ವಿಳಾಸ ಪುಸ್ತಕ. ಹೆಚ್ಚು ಕಾಗದ ಬರೆದ ಹತ್ತು ಜನರನ್ನು ಆರಿಸಿ, ಅವರ ಮನೆಯವರನ್ನು ಹುಡುಕಿ. ಊರಿನ ಪೋಸ್ಟ್ ಆಫೀಸು, ಹಳೇ ಹೋಟೆಲು, ಸೊಸೈಟಿ, ಎಲ್ಲಾದರೂ ಒಂದು ಕಡೆ ಗೊತ್ತಿರುವವರು ಸಿಕ್ಕೇ ಸಿಗುತ್ತಾರೆ.

ಬಾವಿಗೆ ಏಣಿ ಇಳಿಬಿಟ್ಟವರ ಮನೆ ನನಗೆ ಸಿಕ್ಕಿದ್ದು ಹಾಗೇ, ಸಕಲೇಶಪುರದ ಹತ್ತಿರ. ಮಗ ಫೋನ್ ಎತ್ತಿದರು. ಹೌದು, ಅಪ್ಪನಿಗೆ ನಿಮ್ಮ ದೊಡ್ಡಪ್ಪ ಉತ್ತರ ಬರೆದಿದ್ದರು, ಒಂದಲ್ಲ, ಬಹಳ ಇವೆ, ಸೂಟ್‌ಕೇಸ್‌ನಲ್ಲಿ ಅಟ್ಟದ ಮೇಲಿದೆ ಅಂದರು. ಅವರ ಮಾತಿನ ಹಿಂದೆ ಹೆಂಚಿನ ಮೇಲೆ ಮಳೆ ಬಡಿಯುವ ಸದ್ದು ಜೋರಾಗಿ ಕೇಳುತ್ತಿತ್ತು. 'ತಡೀರಿ, ಏಣಿ ಹಾಕಿ ಈಗ್ಲೇ ಇಳಿಸ್ತೀನಿ' ಅಂದರು.

ಬೇಡ ಸ್ವಾಮಿ, ಜನವರಿವರೆಗೆ ಮುಟ್ಟಬೇಡಿ ಅಂದೆ.